ಬಚ್ಚಲುಮನೆಗೆ ಯಾವ ಹೀಟರ್ ಸರಿ?

ದೆಹಲಿ, ಶಿಮ್ಲಾಗಳಲ್ಲಿ ಚಳಿಗಾಲ ಬಂತೆಂದರೆ ಕೋಣೆ ಬೆಚ್ಚಗಿಡುವ ಹೀಟರಿಗೆ ಬೇಡಿಕೆ. ಭಟ್ಕಳ, ಹೊನ್ನಾವರ, ಕುಮಟೆಯ ನಮಗೆ ಅದರ ಗೊಡವೆಯಿಲ್ಲ. ಜನವರಿಯ ನಡುಹಗಲಿನಲ್ಲೂ ಇಲ್ಲಿ ಫ್ಯಾನು ತಿರುಗುತ್ತದೆ. ಆದರೆ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕು. ಬಚ್ಚಲೊಲೆಗೆ ತೆಂಗಿನ ಸೋಗೆ, ಕರಟ ಒಟ್ಟಿ ಹಂಡೆಯಲ್ಲಿ ನೀರು ಕಾಯಿಸುವ ಮನೆಗಳು ಹಳ್ಳಿಗಳಲ್ಲಿ ಈಗಲೂ ಇವೆ. ಪೇಟೆಯ ಬಾಡಿಗೆ ಮನೆಗೂ ಮಕ್ಕಳು ಓದಲು ಹೋಗಿ ನಿಲ್ಲುವ ಕೋಣೆಗೂ ಹಂಡೆ ಹೋಗದು. ಅಲ್ಲಿ ವಿದ್ಯುತ್ ಹೀಟರೇ ಗತಿ. ಯಾವುದನ್ನು ಕೊಳ್ಳಬೇಕು? ಅಂಗಡಿಗೆ ಹೋಗುವ ಮೊದಲು ಪ್ರೌಢಶಾಲೆಯ ಭೌತಶಾಸ್ತ್ರವನ್ನು ನೆನೆಯೋಣ.

ಒಂದು ಲೀಟರ್ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. 20 ಲೀಟರಿನ ಬಕೆಟ್ಟಿನ ನೀರನ್ನು 25ರಿಂದ 45 ಡಿಗ್ರಿಗೆ ಏರಿಸಲು 1680 ಕಿಲೋಜೂಲ್. ಒಂದು ಯುನಿಟ್ ಎಂದರೆ 3600 ಕಿಲೋಜೂಲ್. ಅಂದರೆ ಖರ್ಚು ಅರ್ಧ ಯುನಿಟ್ಟಿಗಿಂತ ತುಸು ಕಡಿಮೆ. ವ್ಯಾಟ್ ಹೆಚ್ಚಿದ್ದರೆ ಬಿಲ್ಲೂ ಹೆಚ್ಚು ಎಂದು ಹಲವರು ಹೆದರುತ್ತಾರೆ. 1000 ವ್ಯಾಟಿನ ಹೀಟರಿಗೆ ಈ ಕೆಲಸಕ್ಕೆ 28 ನಿಮಿಷ ಬೇಕು, 3000 ವ್ಯಾಟಿನದಕ್ಕೆ ಒಂಬತ್ತೇ ನಿಮಿಷ ಸಾಕು. ಯುನಿಟ್ ಮಾತ್ರ ಹೆಚ್ಚುಕಡಿಮೆ ಅಷ್ಟೇ.

ಆದರೆ ತಂತಿಗೆ ವ್ಯತ್ಯಾಸವಿದೆ. ವ್ಯಾಟನ್ನು 230 ವೋಲ್ಟಿನಿಂದ ಭಾಗಿಸಿ: 1000 ವ್ಯಾಟಿಗೆ 4.3 ಆಂಪಿಯರ್, 1500ಕ್ಕೆ 6.5, 3000ಕ್ಕೆ 13. ಗೋಡೆಯ ಚಿಕ್ಕ ಸಾಕೆಟ್ 6 ಆಂಪಿಯರಿನದು, ದೊಡ್ಡದು 16ರದು. 1500 ವ್ಯಾಟಿನ ರಾಡನ್ನು ಚಿಕ್ಕ ಸಾಕೆಟ್ಟಿಗೆ ಸಿಕ್ಕಿಸಬಾರದೇಕೆ ಎಂಬುದು ಇಲ್ಲಿಯೇ ತಿಳಿಯುತ್ತದೆ. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿ. ಇದು 1841ರಲ್ಲಿ ಜೂಲ್ ಪ್ರಕಟಿಸಿದ ನಿಯಮ.

ನಾಲ್ಕು ಜನರ ಮನೆಗೆ 15 ಲೀಟರಿನ ಗೀಸರ್ ಸಾಮಾನ್ಯವಾಗಿ ಸಾಕು, ಒಬ್ಬರ ಹಿಂದೆ ಒಬ್ಬರು ಸ್ವಲ್ಪ ಬಿಡುವು ಕೊಟ್ಟು ಮಿಂದರಾಯಿತು. 60 ಡಿಗ್ರಿಗೆ ಕಾದ 15 ಲೀಟರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಸುಮಾರು 42 ಡಿಗ್ರಿಯ 30 ಲೀಟರ್ ಸಿಗುತ್ತದೆ. 3 ಲೀಟರಿನ ದಿಢೀರ್ ಗೀಸರಿನಲ್ಲಿ ಬಿಸಿನೀರು ನಿಮಿಷಕ್ಕೆ ಎರಡು ಲೀಟರಿನಷ್ಟು ಮಾತ್ರ. ಅಡುಗೆಮನೆಗೆ, ಒಬ್ಬರಿಗೆ ಅನುಕೂಲ. ಶರಾವತಿ, ಅಘನಾಶಿನಿ ಸಮುದ್ರ ಸೇರುವ ಕಡೆ ಬೇಸಿಗೆಯಲ್ಲಿ ಬಾವಿನೀರು ಉಪ್ಪಾಗುವುದುಂಟು. ಅಂಥಲ್ಲಿ ಗೀಸರಿನೊಳಗಿನ ಮೆಗ್ನೀಸಿಯಂ ಸರಳನ್ನು ವರ್ಷಕ್ಕೊಮ್ಮೆ ನೋಡಿಸಿ. ಉಕ್ಕಿನ ತೊಟ್ಟಿಯ ಬದಲು ತಾನು ಸವೆದು ಅದನ್ನು ಕಾಯುವುದೇ ಅದರ ಕೆಲಸ. ಸವೆದು ಮುಗಿದರೆ ತೊಟ್ಟಿ ತುಕ್ಕು ಹಿಡಿಯುತ್ತದೆ.

ಇನ್ನು ಅಗ್ಗದ ಇಮ್ಮರ್ಷನ್ ರಾಡ್. ಹೆತ್ತವರು ಲಕ್ಷ್ಯಗೊಟ್ಟು ಓದಬೇಕಾದ ಮಾತಿದು. ಒದ್ದೆ ಮೈಯ ರೋಧ ಸುಮಾರು 1000 ಓಮಿಗೆ ಇಳಿಯಬಹುದು. ಆಗ 230 ವೋಲ್ಟ್ ತಗುಲಿದರೆ ಹರಿಯುವುದು 230 ಮಿಲಿಆಂಪಿಯರ್. ಪ್ರಾಣ ತೆಗೆಯಲು ಅದರ ಅರ್ಧವೂ ಬೇಡ. ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಆದ್ದರಿಂದಲೇ ಮಾರಕ. ಮೊದಲು ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಆಮೇಲೆ ನೀರು ಮುಟ್ಟಿ. ರಾಡನ್ನು ನೀರಿಗಿಳಿಸಿ ಗುರುತಿನವರೆಗೆ ಮುಳುಗಿದೆಯೆಂದು ನೋಡಿದ ಮೇಲೆಯೇ ಸ್ವಿಚ್ ಹಾಕಿ. ಐ.ಎಸ್.ಐ. ಮುದ್ರೆಯ ಮೂರು ಪಿನ್ನಿನ ರಾಡನ್ನೇ ಕೊಳ್ಳಿ.

ಮೂರನೆಯ ಪಿನ್ನು ಉಪಯೋಗಕ್ಕೆ ಬರಬೇಕಾದರೆ ಮನೆಯ ಅರ್ಥಿಂಗ್ ಸರಿಯಿರಬೇಕು. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ರೋಧ ಏರುತ್ತದೆ. ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ ವಿದ್ಯುತ್ ಸೋರಿದೊಡನೆ ಅದು ಸಂಪರ್ಕ ಕಡಿಯುತ್ತದೆ. ಗ್ಯಾಸ್ ಗೀಸರ್ ಇದ್ದವರು ಬಚ್ಚಲಿನ ಗಾಳಿಕಿಂಡಿ ಮುಚ್ಚಬಾರದು; ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹೀಟರಿನ ಮೇಲಿನ ವ್ಯಾಟ್ ಓದಿ, ಆಂಪಿಯರ್ ಲೆಕ್ಕ ಹಾಕಿ, ಅದು ಯಾವ ಸಾಕೆಟ್ಟಿನಲ್ಲಿದೆಯೆಂದು ಇಂದೇ ನೋಡಿ. ಲೆಕ್ಕ ತಪ್ಪಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸುವಂತೆ ಮನೆಯ ಹಿರಿಯರಿಗೆ ಹೇಳಿ.