ಜ್ವರ ಇಲ್ಲದಿದ್ದರೆ ಹಿರಿಯರಿಗೆ ಫ್ಲೂ ಅಪಾಯವಿಲ್ಲವೇ?

‘ಜ್ವರ ಇಲ್ಲ ಅಂದ್ರೆ ಬರೀ ಶೀತ, ಅಜ್ಜ-ಅಜ್ಜಿಗೆ ಕಷಾಯ ಸಾಕು’ ಎನ್ನುವ ಧಾಟಿಯ ಸಂದೇಶಗಳು ಮಳೆಗಾಲದಲ್ಲಿ ಫ್ಯಾಮಿಲಿ ಗ್ರೂಪ್‌ಗಳಿಗೆ ಬರುತ್ತಲೇ ಇರುತ್ತವೆ. ಕಷಾಯ ಕುಡಿಯಲಿ, ನಮ್ಮ ತಕರಾರಿಲ್ಲ. ಆದರೆ ಜ್ವರದ ಮಾತು ತಪ್ಪು.

ಜ್ವರ ಎನ್ನುವುದು ವೈರಸ್ ವಿರುದ್ಧ ದೇಹ ತೋರುವ ಪ್ರತಿಕ್ರಿಯೆ. ವಯಸ್ಸಾದಂತೆ ರೋಗನಿರೋಧಕ ಶಕ್ತಿ ಕುಂದುವುದರಿಂದ ಸೋಂಕು ಜೋರಾಗಿದ್ದರೂ ಮೈ ಬಿಸಿಯಾಗದೇ ಇರಬಹುದು. ಬದಲಿಗೆ ಊಟ ಬೇಡ ಎನ್ನುತ್ತಾರೆ, ದಿನವಿಡೀ ಮಂಪರಿನಲ್ಲಿರುತ್ತಾರೆ, ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ, ನಡೆಯುವಾಗ ಬೀಳುತ್ತಾರೆ. ‘ವಯಸ್ಸಾಯ್ತಲ್ಲ’ ಎಂದು ಮನೆಯವರು ಸುಮ್ಮನಾಗುವುದು ಇಲ್ಲೇ.

ಅಮೆರಿಕದಲ್ಲಿ ಫ್ಲೂನಿಂದ ಸಾಯುವವರಲ್ಲಿ ಶೇ 70ರಿಂದ 85ರಷ್ಟು ಮಂದಿ 65 ದಾಟಿದವರು ಎಂಬುದು ಅಲ್ಲಿನ ಸಿಡಿಸಿ ಅಂದಾಜು. ವಯಸ್ಸೊಂದೇ ಕಾರಣವಲ್ಲ. ಶುಗರ್, ಹೃದ್ರೋಗ, ಕಿಡ್ನಿ ತೊಂದರೆ, ಬೀಡಿಯಿಂದಲೋ ಸೌದೆ ಒಲೆಯ ಹೊಗೆಯಿಂದಲೋ ಹಾಳಾದ ಶ್ವಾಸಕೋಶ ಜತೆಗಿದ್ದರೆ ಅಪಾಯ ಹೆಚ್ಚು. ಸಾವು ನ್ಯುಮೋನಿಯಾದಿಂದಲೇ ಬರಬೇಕೆಂದೂ ಇಲ್ಲ. ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ಲೂ ದೃಢಪಟ್ಟ ಮೊದಲ 7 ದಿನ ಹೃದಯಾಘಾತದ ಸಾಧ್ಯತೆ ಉಳಿದ ದಿನಗಳಿಗಿಂತ ಸುಮಾರು 6 ಪಟ್ಟು ಇತ್ತು. ಎದೆನೋವನ್ನು ‘ಕೆಮ್ಮಿ ಕೆಮ್ಮಿ ಬಂದಿದ್ದು’ ಎಂದುಕೊಳ್ಳುವ ಮುನ್ನ ಇದು ನೆನಪಿರಲಿ.

ಥರ್ಮಾಮೀಟರ್ ಒಂದನ್ನೇ ನಂಬಬೇಡಿ. ಕೋವಿಡ್ ಕಾಲದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಹೊರತೆಗೆಯಿರಿ. 94ಕ್ಕಿಂತ ಕಡಿಮೆ ತೋರಿಸಿದರೆ, ಏದುಸಿರು ಬಿಡುತ್ತಿದ್ದರೆ, ಮನೆಯವರ ಗುರುತೇ ಹತ್ತದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ವೈದ್ಯರು ಬರೆಯುವ ಒಸೆಲ್ಟಾಮಿವಿರ್ ಮಾತ್ರೆ, ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಕೆಲಸ ಮಾಡುತ್ತದೆ. ‘ನಾಳೆ ನೋಡೋಣ’ ಎಂದರೆ ಆ ಹೊತ್ತು ಕಳೆದುಹೋಗುತ್ತದೆ.