ಸ್ವಿಚ್ ಒತ್ತಿದರೆ ಬದಲಾಗುವ ಬಣ್ಣ

ಹೊಂಬಳ ಗ್ರಾಮದ ಎರೆಹೊಲಗಳಲ್ಲಿ ಕಡಲೆ ಬೆಳೆ ನಿಂತಿರುವ ದಿನಗಳಲ್ಲಿ ಕರೆಂಟ್ ತಂತಿಯ ಮೇಲೆ ಕೂತ ನೀಲಕಂಠವನ್ನು ಗಮನಿಸಬೇಕು. ಕೂತಾಗ ಮಾಸಲು ಕಂದು. ಮಿಡತೆ ಕಂಡು ಹಾರಿತೆಂದರೆ ರೆಕ್ಕೆ ತುಂಬ ಹೊಳೆಯುವ ನೀಲಿ. ಆ ಗರಿಯನ್ನು ಎಷ್ಟು ಅರೆದರೂ ನೀಲಿ ವರ್ಣದ್ರವ್ಯ ಸಿಗುವುದಿಲ್ಲ. ಗರಿಯ ಎಳೆಯೊಳಗಿನ ಕೆರಾಟಿನ್‌ ಸ್ಪಂಜಿನಂತಿದೆ. ಅದರ ಗಾಳಿ ತುಂಬಿದ ನ್ಯಾನೊ ರಂಧ್ರಗಳು ನೀಲಿ ಬೆಳಕನ್ನೇ ಹೆಚ್ಚು ಚದುರಿಸುತ್ತವೆ. ನಮ್ಮ ಈ ರಾಜ್ಯಪಕ್ಷಿಯ ಗರಿಗಳ ಬಣ್ಣವನ್ನು ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಪರೀಕ್ಷಿಸಿ 1934ರಲ್ಲಿ ಪ್ರಬಂಧ ಬರೆದರು.

ಇಂಥ ಬಣ್ಣವನ್ನು ಬದಲಿಸಲೂ ಬಹುದು. ದಕ್ಷಿಣ ಅಮೆರಿಕದ ಮಾರ್ಫೊ ಚಿಟ್ಟೆಯ ನೀಲಿ ರೆಕ್ಕೆಗೆ ಒಂದು ಹನಿ ಸ್ಪಿರಿಟ್ ಬಿಟ್ಟರೆ ಆ ಜಾಗ ಹಸಿರಾಗುತ್ತದೆ, ಆರಿದೊಡನೆ ಮತ್ತೆ ನೀಲಿ. ರೆಕ್ಕೆಯ ಸೂಕ್ಷ್ಮ ಸಂದುಗಳಲ್ಲಿ ಗಾಳಿಯ ಬದಲು ದ್ರವ ತುಂಬಿ, ಅಲ್ಲಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1ರಿಂದ ಸುಮಾರು 1.36ಕ್ಕೆ ಏರುವುದೇ ಇದಕ್ಕೆ ಕಾರಣ.

ಹನಿ ಹಾಕದೆ, ವಿದ್ಯುತ್ತಿನಿಂದಲೇ ಈ ಕೆಲಸ ಮಾಡಿಸಬಲ್ಲ ವಸ್ತು ದ್ರವ ಸ್ಫಟಿಕ.

1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಮೊದಲು ಗುರುತಿಸಿದ ಈ ಸ್ಥಿತಿಯಲ್ಲಿ ವಸ್ತು ಹರಿಯುತ್ತದೆ, ಆದರೂ ಅದರ ಅಣುಗಳು ಒಂದು ಶಿಸ್ತಿನಲ್ಲಿರುತ್ತವೆ. ಪ್ರಯೋಗಾಲಯಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 5ಸಿಬಿ ಎಂಬ ದ್ರವ ಸ್ಫಟಿಕದಲ್ಲಿ ಕಡ್ಡಿಯಾಕಾರದ ಅಣುಗಳು ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಅಣುಗಳ ಉದ್ದಕ್ಕೆ ಕಂಪಿಸುವ ಬೆಳಕಿಗೆ ಅದರ ವಕ್ರೀಭವನಾಂಕ ಸುಮಾರು 1.7, ಅಡ್ಡಕ್ಕೆ ಕಂಪಿಸುವ ಬೆಳಕಿಗೆ 1.53. ಕೆಲವೇ ವೋಲ್ಟ್ ಕೊಟ್ಟರೆ ಸಾಕು, ಅಣುಗಳು ತಿರುಗಿ ನಿಲ್ಲುತ್ತವೆ, ಬೆಳಕಿಗೆ ಸಿಗುವ ವಕ್ರೀಭವನಾಂಕವೂ ಬದಲಾಗುತ್ತದೆ.

ಈ ವಿಜ್ಞಾನದಲ್ಲಿ ಕರ್ನಾಟಕದ ಪಾಲು ದೊಡ್ಡದು. ಕಡ್ಡಿಯಾಕಾರದ ಅಣುಗಳಷ್ಟೇ ಅಲ್ಲ, ಬಿಲ್ಲೆಯಾಕಾರದವೂ ದ್ರವ ಸ್ಫಟಿಕವಾಗಬಲ್ಲವು ಎಂದು 1977ರಲ್ಲಿ ಜಗತ್ತಿಗೆ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಆ ಶೋಧದ ಹಿಂದಿದ್ದರು. 1991ರಲ್ಲಿ ಚಂದ್ರಶೇಖರ್ ಕಟ್ಟಿದ ದ್ರವ ಸ್ಫಟಿಕ ಸಂಶೋಧನಾ ಕೇಂದ್ರವೇ ಇಂದಿನ ನ್ಯಾನೊ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರ.

ಮತ್ತೆ ಬಣ್ಣ ಬದಲಿಸುವ ಮಾತಿಗೆ ಬರೋಣ. ಗಾಜಿನ ಮೇಲೆ ಚಿನ್ನದ ಕಣಗಳನ್ನೋ ಸಿಲಿಕಾನ್ ಕಂಬಗಳನ್ನೋ ನ್ಯಾನೊ ಅಳತೆಯಲ್ಲಿ ನಿಲ್ಲಿಸಿದರೆ ಅವು ಆಯ್ದ ಬಣ್ಣದ ಬೆಳಕಿಗೆ ಮಾತ್ರ ಬಲವಾಗಿ ಸ್ಪಂದಿಸುತ್ತವೆ. ಅವುಗಳ ಸುತ್ತ ದ್ರವ ಸ್ಫಟಿಕ ತುಂಬಿ ವೋಲ್ಟೇಜ್ ಬದಲಿಸಿದರೆ, ಸ್ಪಂದಿಸುವ ಬಣ್ಣವೂ ಸರಿಯುತ್ತದೆ. 2019ರಲ್ಲಿ ಸಿಂಗಪುರದ ವಿಜ್ಞಾನಿಗಳು ಟೈಟಾನಿಯಂ ಡೈಆಕ್ಸೈಡ್‌ನ ಇಂಥದೇ ರಚನೆಯಿಂದ, ಯಾವ ಭಾಗವನ್ನೂ ಅಲುಗಾಡಿಸದೆ, ಬೆಳಕಿನ ಕಿರಣವನ್ನು 11 ಡಿಗ್ರಿ ತಿರುಗಿಸಿದರು. ಅದರ ಒಂದೊಂದು ಪಿಕ್ಸೆಲ್‌ನ ಅಗಲ ಸುಮಾರು 1 ಮೈಕ್ರೋಮೀಟರ್.

ನ್ಯಾನೊ ರಚನೆ ಮತ್ತು ದ್ರವ ಸ್ಫಟಿಕದ ಈ ಜೋಡಿಯ ನಿಜವಾದ ಲಾಭ ವೇಗದಲ್ಲಿದೆ. ನ್ಯಾನೊ ರಚನೆಯೇ ಬೆಳಕನ್ನು ಹಿಡಿದಿಡುವುದರಿಂದ ದ್ರವ ಸ್ಫಟಿಕದ ಪದರ ತೀರ ತೆಳುವಾಗಿದ್ದರೂ ಸಾಕು. ಪದರದ ದಪ್ಪ ಅರ್ಧಕ್ಕಿಳಿದರೆ, ತಿರುಗಿದ ಅಣುಗಳು ಮೊದಲಿನ ದಿಕ್ಕಿಗೆ ಮರಳುವ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ.