ಎಮ್ಮೆಯ ಬೆದೆ ಹುಟ್ಟುವುದು ಎಲ್ಲಿ?

ಕಲ್ಯಾಣದ ತಬೇಲಾದಲ್ಲಿ ಕಟ್ಟಿದ ಎಮ್ಮೆ ಹಾಲು ಕೊಡಬೇಕಾದರೆ ಮೊದಲು ಗಬ್ಬವಾಗಿ ಕರು ಹಾಕಬೇಕು. ಅದೆಲ್ಲ ಶುರುವಾಗುವುದು ಅಂಡಾಶಯದಲ್ಲಿ. ಹಸುವಿಗೂ ಅಷ್ಟೇ.

ಅಲ್ಲಿ ಅಂಡದ ಸುತ್ತ ಒಂದು ನೀರುಗುಳ್ಳೆ. ಅದರ ಗೋಡೆಯಲ್ಲಿ ಎರಡು ಬಗೆಯ ಕೋಶಗಳು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು ಎಲ್‌ಎಚ್, ಹೊರಗಿನ ಥೀಕಾ ಕೋಶಗಳಿಂದ ಆಂಡ್ರೊಜೆನ್ ಮಾಡಿಸುತ್ತದೆ. ಹೌದು, ಗಂಡು ಹಾರ್ಮೋನೇ! ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನು ಎಫ್‌ಎಸ್‌ಎಚ್ ಸಿಕ್ಕ ಒಳಗಿನ ಗ್ರಾನ್ಯುಲೋಸಾ ಕೋಶಗಳು ಆ ಆಂಡ್ರೊಜೆನ್ನನ್ನೇ ಈಸ್ಟ್ರೊಜೆನ್ ಆಗಿ ಬದಲಿಸುತ್ತವೆ. ಈಸ್ಟ್ರೊಜೆನ್ ಏರಿತೆಂದರೆ ಎಮ್ಮೆ ಬೆದೆಗೆ ಬಂತು. ಗಾಜಿನಂತೆ ತಿಳಿಯಾದ ಲೋಳೆ ಇಳಿಯುತ್ತದೆ.

ಆಮೇಲೆ ಎಲ್‌ಎಚ್ ಒಮ್ಮೆಲೇ ಉಕ್ಕಿ ಅಂಡ ಹೊರಬೀಳುತ್ತದೆ. ಉಳಿದ ಕೋಶಗಳು ಕಾರ್ಪಸ್ ಲೂಟಿಯಂ ಆಗಿ, ಗಬ್ಬ ಕಾಯುವ ಪ್ರೊಜೆಸ್ಟಿರೋನ್ ಸ್ರವಿಸುತ್ತವೆ. ಗಬ್ಬ ನಿಲ್ಲದಿದ್ದರೆ ಗರ್ಭಕೋಶದ ಪ್ರೊಸ್ಟಗ್ಲಾಂಡಿನ್ ಈ ಕಾರ್ಪಸ್ ಲೂಟಿಯಂ ಅನ್ನು ಕರಗಿಸುತ್ತದೆ. ಸುಮಾರು 21 ದಿನಕ್ಕೆ ಮತ್ತೆ ಬೆದೆ. ಈ ಕರಗುವಿಕೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎಮ್ಮೆಗಳಲ್ಲೇ ಅಭ್ಯಸಿಸಿದ್ದಾರೆ.

ಎಮ್ಮೆ ಸಾಕುವವರಿಗೆ ನಿಜವಾದ ಕಷ್ಟ ಬೇಸಿಗೆಯಲ್ಲಿ. ಸೆಕೆಗೆ ಈಸ್ಟ್ರೊಜೆನ್ ಕುಗ್ಗಿ ಬೆದೆ ಮೂಕವಾಗುತ್ತದೆ. ಎಮ್ಮೆ ಕೂಗುವುದಿಲ್ಲ, ಲೋಳೆಯೂ ಕಡಿಮೆ. ಹಾಗಾಗಿ ಏಪ್ರಿಲ್, ಮೇನಲ್ಲಿ ಮೈಗೆ ನೀರು ಹಾಕಿ, ನೆರಳು ಕೊಡಿ. ರಾತ್ರಿ ಮತ್ತು ನಸುಕಿನಲ್ಲಿ ತಪ್ಪದೆ ಒಂದು ಸುತ್ತು ಹಾಕಿ, ಲೋಳೆ ಇದೆಯೇ ಎಂದು ಪ್ರತಿ ಎಮ್ಮೆಯ ಬಾಲದ ಬುಡ ನೋಡಿ.